ಗೇಣಿದಾರರ ಬಂಧು ಶಾಂತವೇರಿ ಗೋಪಾಲಗೌಡರು

1950ರ ಜನವರಿ 26ರಂದು ಭಾರತವು ಗಣರಾಜ್ಯವೆನಿಸಿದಾಗ ಈ ದೇಶದ ವಯಸ್ಕ ಪ್ರಜೆಗಳೆಲ್ಲರಿಗೂ ಒಂದೇ ಬೆಲೆಯ ಒಂದೊಂದು ಮತ ಪ್ರಾಪ್ತವಾಯಿತು. ಮೈಸೂರು ಸೀಮೆಯವರಿಗೆ ಪ್ರಾತಿನಿಧ್ಯವೆಂಬ ಮಾತು ಅಪರಿಚಿತವಾಗಿರಲಿಲ್ಲ. ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ, 1881ರಲ್ಲಿಯೇ, ಪ್ರಜಾಪ್ರತಿನಿಧಿ ಸಭೆ ಇಲ್ಲಿ ಸ್ಥಾಪಿತವಾಗಿತ್ತು. ಆದರೆ ಆ ಸಭೆಯ ಬಾಗಿಲು ತೆರೆಯುತ್ತಿದ್ದುದು ಕಂದಾಯ ಕಟ್ಟುವವರಿಗೆ, ಆಸ್ತಿವಂತರಿಗೆ, ವಿದ್ಯಾವಂತರಿಗೆ ಮಾತ್ರ. ಮಂದಿಯ ಹೊಲ ಉಳುವವನಿಗೂ ಅವನ ಹೆಂಡತಿಗೂ ಅಲ್ಲಿ ಎಡೆ ಇರಲಿಲ್ಲ. ಸಂವಿಧಾನವು ಈ ತಾರತಮ್ಯವನ್ನು ಒಂದೇ ಬಾರಿಗೆ ತೊಡೆದುಹಾಕಿತು. ಮೊದಲ ಮಹಾಚುನಾವಣೆಯ ಹೊತ್ತಿಗೆ ದೇಶದ ಮತದಾರರ ಪಟ್ಟಿಯಲ್ಲಿ ಸುಮಾರು 17 ಕೋಟಿ ಹೆಸರುಗಳಿದ್ದವು. ಒಡೆಯನ ಮತಕ್ಕೂ ಒಕ್ಕಲಿನ ಮತಕ್ಕೂ ಅಳತೆ ಒಂದೇ ಆಯಿತು.

ಆದರೆ ಕಣದಲ್ಲಿ ಭತ್ತ ಅಳೆಯುವ ಕೊಳಗದ ಅಳತೆ ಹಾಗೆ ಒಂದಾಗಲಿಲ್ಲ. ಗಣರಾಜ್ಯ ಹುಟ್ಟಿದ ಮರುವರ್ಷವೇ ಮಲೆನಾಡಿನ ಒಂದು ಪುಟ್ಟ ಹಳ್ಳಿಯಲ್ಲಿ ಆ ಕೊಳಗದ ಪ್ರಶ್ನೆ ಎದ್ದು ನಾಡಿನ ಗಮನವನ್ನು ಸೆಳೆಯಿತು. ಆ ಪ್ರಶ್ನೆಯನ್ನು ಗದ್ದೆಯ ಬದುವಿನಿಂದ ಶಾಸನಸಭೆಗೆ ಒಯ್ದು, ಜೀವಮಾನವಿಡೀ ಅದನ್ನು ಬಿಡದೆ ಹಿಡಿದವರು ಶಾಂತವೇರಿ ಗೋಪಾಲಗೌಡರು. ಅವರು ಮಂತ್ರಿಗಳಾಗಲಿಲ್ಲ, ಅಧಿಕಾರದ ಯಾವ ಪೀಠವನ್ನೂ ಏರಲಿಲ್ಲ, ಬದುಕಿದುದು 49 ವರ್ಷ ಮಾತ್ರ. ಆದರೂ ಕರ್ನಾಟಕದ ಭೂಸುಧಾರಣೆಯ ಕಥೆಯನ್ನು ಹೇಳುವವರು ಅವರ ಹೆಸರನ್ನು ಬಿಟ್ಟು ಹೇಳುವಂತಿಲ್ಲ.

ಗೋಪಾಲಗೌಡರು ಜನಿಸಿದುದು 1923ರ ಮಾರ್ಚ್ 14ರಂದು, ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ ತಾಲ್ಲೂಕಿನ ಆರಗದಲ್ಲಿ. ಆರಗವು ಸಾಮಾನ್ಯ ಗ್ರಾಮವಲ್ಲ. ವಿಜಯನಗರದ ಅರಸರ ಕಾಲದಲ್ಲಿ ಒಂದು ಪ್ರಾಂತಕ್ಕೆ ರಾಜಧಾನಿಯಾಗಿ ಮೆರೆದ ಸ್ಥಳ. ಗೌಡರು ಹುಟ್ಟುವ ಹೊತ್ತಿಗೆ ಆ ವೈಭವವೆಲ್ಲ ಶಾಸನಗಳಲ್ಲಿ ಮಾತ್ರ ಉಳಿದು, ಅಡಿಕೆಯ ತೋಟ, ಭತ್ತದ ಗದ್ದೆ, ಬಿಡದೆ ಸುರಿಯುವ ಮಳೆ, ಇವುಗಳ ನಡುವೆ ಸಣ್ಣ ಹಿಡುವಳಿಯ ಸಂಸಾರಗಳು ಅಲ್ಲಿ ಬದುಕು ಸಾಗಿಸುತ್ತಿದ್ದವು. ತಂದೆ ಕೊಲ್ಲೂರಯ್ಯಗೌಡರು, ತಾಯಿ ಶೇಷಮ್ಮನವರು. ಮನೆತನದ ಮೂಲ ಊರಾದ ಶಾಂತವೇರಿಯ ಹೆಸರು ಗೌಡರ ಹೆಸರಿನ ಮುಂದೆ ಸೇರಿಕೊಂಡಿತು. ಸಿರಿವಂತಿಕೆಯ ಮನೆ ಅದಾಗಿರಲಿಲ್ಲ. ಬಡತನವನ್ನು ಅವರು ಗ್ರಂಥಗಳಿಂದ ಅರಿಯಬೇಕಾದ ಅಗತ್ಯ ಬೀಳಲಿಲ್ಲ.

ಆರಗ, ತೀರ್ಥಹಳ್ಳಿಗಳಲ್ಲಿ ವಿದ್ಯಾಭ್ಯಾಸ ಮುಗಿಸಿ ಶಿವಮೊಗ್ಗದ ಇಂಟರ್‌ಮೀಡಿಯೆಟ್ ಕಾಲೇಜು ಸೇರಿದ ತರುಣನನ್ನು 1942ರ ಚಲೇಜಾವ್ ಚಳವಳಿ ತನ್ನ ಸುಳಿಗೆ ಎಳೆದುಕೊಂಡಿತು. ಶಿವಮೊಗ್ಗ ಜಿಲ್ಲೆಯಲ್ಲಿ ಆ ವರ್ಷ ಎದ್ದ ಕಿಚ್ಚು ಸಾಮಾನ್ಯವಾದುದಲ್ಲ. ಶಿಕಾರಿಪುರ ತಾಲ್ಲೂಕಿನ ಈಸೂರು ತನ್ನನ್ನು ತಾನೇ ಸ್ವತಂತ್ರ ಗ್ರಾಮವೆಂದು ಸಾರಿಕೊಂಡಿತು. ಅದರ ಫಲವಾಗಿ 1943ರಲ್ಲಿ ಆ ಊರಿನ ಐವರು ಗಲ್ಲಿಗೇರಿದರು. ಇಂತಹ ಕಾಲದಲ್ಲಿ ಗೋಪಾಲಗೌಡರೂ ಸೆರೆಮನೆ ಕಂಡರು. ಹೊರಬಂದ ಮೇಲೆ ಪದವಿ, ನೌಕರಿಗಳ ಹಾದಿ ಅವರಿಗೆ ರುಚಿಸಲಿಲ್ಲ. ಕಾಂಗ್ರೆಸ್ಸಿನ ಒಳಗೇ 1934ರಲ್ಲಿ ರೂಪುಗೊಂಡಿದ್ದ ಸಮಾಜವಾದಿ ಬಣದ ವಿಚಾರಗಳು ಅವರನ್ನು ಆಕರ್ಷಿಸಿದವು. 1948ರಲ್ಲಿ ಸಮಾಜವಾದಿಗಳು ಕಾಂಗ್ರೆಸ್ಸನ್ನು ತೊರೆದು ಬೇರೆ ಪಕ್ಷವಾದಾಗ ಗೌಡರು ನಿಂತದ್ದು ಆ ಪಕ್ಷದಲ್ಲಿ. ಅಧಿಕಾರದ ಗಾಳಿ ಆಗ ಬೀಸುತ್ತಿದ್ದುದು ಎದುರು ದಿಕ್ಕಿನಲ್ಲಿ ಎಂಬುದನ್ನು ನೆನೆದರೆ ಆ ಆಯ್ಕೆಯ ತೂಕ ತಿಳಿಯುತ್ತದೆ.

ಮಲೆನಾಡಿನ ಗೇಣಿ ಪದ್ಧತಿಯನ್ನು ಇಲ್ಲಿ ಸ್ವಲ್ಪ ವಿವರಿಸುವುದು ಯುಕ್ತ. ನಂಜನಗೂಡು, ತಿರುಮಕೂಡಲು ನರಸೀಪುರಗಳ ಕಡೆ ವಾರಕ್ಕೆ ಉಳುವುದು ಎಂದು ಯಾವುದನ್ನು ಕರೆಯುತ್ತಾರೋ ಅದರ ಹತ್ತಿರದ ಸಂಬಂಧಿಯೇ ಗೇಣಿ. ವಾರದಲ್ಲಿ ಬೆಳೆ ಹೆಚ್ಚಿದರೆ ಇಬ್ಬರಿಗೂ ಹೆಚ್ಚು, ಕಡಿಮೆಯಾದರೆ ಇಬ್ಬರಿಗೂ ಕಡಿಮೆ. ಗೇಣಿಯಲ್ಲಿ ಒಡೆಯನಿಗೆ ಸಲ್ಲಬೇಕಾದ ಭತ್ತ ಮೊದಲೇ ನಿಗದಿ. ಮಳೆ ಕೈಕೊಟ್ಟರೂ ಗದ್ದೆ ಕೊಚ್ಚಿಹೋದರೂ ನಷ್ಟದ ಹೊರೆ ಉಳುವವನದು. ಚಾಲಗೇಣಿಯೆಂಬ ಬಗೆಯಲ್ಲಿ ಬರೆದ ಕರಾರು ಇರುತ್ತಿರಲಿಲ್ಲ. ಬಾಯಿಮಾತಿನಲ್ಲಿ ಬಂದ ಭೂಮಿ ಬಾಯಿಮಾತಿನಲ್ಲಿಯೇ ಹೋಗುತ್ತಿತ್ತು. ಅಜ್ಜನಿಂದ ಮೊಮ್ಮಗನವರೆಗೆ ಒಂದೇ ಗದ್ದೆಯನ್ನು ಉಳುತ್ತ ಬಂದವನಿಗೂ ಅದು ತನ್ನದೆಂದು ತೋರಿಸಲು ಒಂದು ಚೀಟಿ ಇರುತ್ತಿರಲಿಲ್ಲ. ಇದರೊಡನೆ ಬಿಟ್ಟಿ ಚಾಕರಿ, ತೀರದ ಸಾಲ; ಉಡುಪಿನಲ್ಲಿ, ನಿಲುವಿನಲ್ಲಿ, ಮಾತಿನಲ್ಲಿ ಒಡೆಯರೆದುರು ತಗ್ಗಿ ನಡೆಯಬೇಕೆಂಬ ಕಟ್ಟು.

ಸಾಗರ ತಾಲ್ಲೂಕಿನಲ್ಲಿ ಹೀಗೆ ಗೇಣಿಗೆ ಉಳುತ್ತಿದ್ದವರಲ್ಲಿ ಬಹುಮಂದಿ ದೀವರು. ಭೂಮಿಯ ಒಡೆತನವಾದರೋ ಬ್ರಾಹ್ಮಣ, ಲಿಂಗಾಯತ ಮೊದಲಾದ ಮನೆತನಗಳದು. ಕಾಗೋಡು ಗ್ರಾಮದ ಒಡೆಯರ ಮನೆತನ ಲಿಂಗಾಯತ ಸಮಾಜಕ್ಕೆ ಸೇರಿದ್ದು, ಪ್ರಭಾವದಲ್ಲಿಯೂ ಪ್ರತಿಷ್ಠೆಯಲ್ಲಿಯೂ ಗಣ್ಯವಾದುದು. ಈ ಸಂಗತಿಯನ್ನು ಮರೆಮಾಚಿ ಕಾಗೋಡಿನ ಕಥೆ ಹೇಳುವುದು ಸತ್ಯಕ್ಕೆ ಅಪಚಾರ. ಕಾಯಕವನ್ನು ಪೂಜ್ಯವೆಂದು ಸಾರಿದ, ದಾಸೋಹವನ್ನು ಬದುಕಿನ ಕ್ರಮವಾಗಿಸಿದ ಶರಣರ ಪರಂಪರೆಗೆ ಸೇರಿದ ಸಮಾಜವು, ದುಡಿಯುವವನ ಪಾಲನ್ನು ಕುರಿತು ತನ್ನನ್ನೇ ಕೇಳಿಕೊಳ್ಳಬೇಕಾದ ಪ್ರಶ್ನೆಯನ್ನು ಆ ಹಳ್ಳಿ ಅದರ ಮುಂದಿಟ್ಟಿತು. ಇದು ಒಂದು ಸಮಾಜದ ಪ್ರಶ್ನೆ ಮಾತ್ರವಾಗಿರಲಿಲ್ಲ. ಮಲೆನಾಡಿನಲ್ಲಾಗಲಿ ಬಯಲುಸೀಮೆಯಲ್ಲಾಗಲಿ, ಭೂಮಿ ಯಾರ ಕೈಯಲ್ಲಿ ಸಂಚಯವಾಗಿತ್ತೋ ಅವರೆಲ್ಲರ ಬಾಗಿಲಿಗೂ ಅದು ಬಂದು ನಿಂತಿತು.

1948ರಲ್ಲಿ ಹೆಚ್. ಗಣಪತಿಯಪ್ಪನವರ ಮುಂದಾಳುತನದಲ್ಲಿ ಸಾಗರ ತಾಲ್ಲೂಕಿನ ಗೇಣಿದಾರರು ರೈತ ಸಂಘವನ್ನು ಕಟ್ಟಿಕೊಂಡರು. ಗಣಪತಿಯಪ್ಪನವರು ಉಪಾಧ್ಯಾಯ ವೃತ್ತಿಯಲ್ಲಿದ್ದವರು, ದೀವರ ಸಮುದಾಯದಲ್ಲಿಯೇ ಹುಟ್ಟಿದವರು. ಅಕ್ಷರ ಬಲ್ಲ ಒಬ್ಬ ಮೇಷ್ಟರು ತನ್ನ ಜನರ ನಡುವೆ ನಿಂತರೆ ಏನಾಗಬಹುದೆಂಬುದಕ್ಕೆ ಅವರ ಬದುಕು ಸಾಕ್ಷಿ. ಗೇಣಿಗೆ ರಸೀದಿ ಬೇಕು, ಬಿಟ್ಟಿ ದುಡಿಮೆ ನಿಲ್ಲಬೇಕು, ಗೇಣಿಯ ಭತ್ತವನ್ನು ಸರಿಯಾದ ಕೊಳಗದಲ್ಲಿ ಅಳೆಯಬೇಕು ಎಂಬಂತಹ ಬೇಡಿಕೆಗಳು ಹುಟ್ಟಿದುದು ಆಗ. ಗೇಣಿ ಅಳೆದುಕೊಳ್ಳುವಾಗ ಒಡೆಯರ ಕಡೆಯವರು ಬಳಸುತ್ತಿದ್ದ ಕೊಳಗವು ರೂಢಿಯ ಕೊಳಗಕ್ಕಿಂತ ದೊಡ್ಡದೆಂಬುದು ರೈತರ ದೂರು. ಒಂದೊಂದು ಕೊಳಗದಲ್ಲಿ ಹೆಚ್ಚಾಗಿ ಹೋಗುವ ಭತ್ತ ಕಣ್ಣಿಗೆ ಅಲ್ಪವಾಗಿ ಕಂಡರೂ ಖಂಡುಗಗಳ ಲೆಕ್ಕಕ್ಕೆ ಬಂದಾಗ ಅದೇ ಒಂದು ಸಂಸಾರದ ತಿಂಗಳುಗಳ ಅನ್ನ. ಭತ್ತವನ್ನು ಅಳೆದು ಮಾರುವ ಊರುಗಳವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬೇಡಿಕೆ ಎತ್ತಿದವರಿಗೆ ಉಳಲು ಭೂಮಿ ಕೊಡಲಾಗದೆಂಬ ಉತ್ತರ ಒಡೆಯರಿಂದ ಬಂದಿತು. ಮುಂಗಾರು ಹತ್ತಿರವಾಗುತ್ತಿತ್ತು. 1951ರ ಏಪ್ರಿಲ್ 18ರಂದು ಕಾಗೋಡಿನ ಗೇಣಿದಾರರು ನೇಗಿಲು ಹೊತ್ತು, ತಾವು ತಲೆಮಾರುಗಳಿಂದ ಉಳುತ್ತಿದ್ದ ಗದ್ದೆಗಳಿಗೆ ಇಳಿದರು. ಪೊಲೀಸರು ಅವರನ್ನು ದಸ್ತಗಿರಿ ಮಾಡಿದರು. ಮರುದಿನ ಮತ್ತೊಂದು ತಂಡ, ಅದರ ಬೆನ್ನಿಗೆ ಇನ್ನೊಂದು. ಹೆಂಗಸರೂ ಹಿಂದುಳಿಯಲಿಲ್ಲ. ಒಂದು ಕಾಕತಾಳೀಯ ಇಲ್ಲಿ ಸ್ಮರಣೀಯ. ಅದೇ ಏಪ್ರಿಲ್ 18ರಂದು ತೆಲಂಗಾಣದ ಪೋಚಂಪಲ್ಲಿಯಲ್ಲಿ ವಿನೋಬಾ ಭಾವೆಯವರಿಗೆ ಮೊದಲ ಭೂದಾನ ದೊರೆಯಿತು. ಅಲ್ಲಿ ಒಬ್ಬ ಭೂಮಾಲೀಕರು ತಾವಾಗಿಯೇ ಭೂಮಿಯನ್ನು ಧಾರೆಯೆರೆದರು. ಇಲ್ಲಿ ಉಳುವವರು ತಮ್ಮ ಉಳುಮೆಯ ಹಕ್ಕನ್ನು ಕೇಳಿ ಸೆರೆಮನೆಗೆ ನಡೆದರು. ಹೊಸ ಗಣರಾಜ್ಯದ ಎದುರು ತೆರೆದುಕೊಂಡಿದ್ದ ಎರಡು ದಾರಿಗಳು ಒಂದೇ ದಿನ ಕಾಣಿಸಿಕೊಂಡವು.

ಸಮಾಜವಾದಿ ಪಕ್ಷವು ಸತ್ಯಾಗ್ರಹದ ಭಾರವನ್ನು ಹೊತ್ತಾಗ ಮುಂದಾಳುಗಳಲ್ಲಿ ಪ್ರಮುಖರಾಗಿ ನಿಂತವರು ಗೋಪಾಲಗೌಡರು. ಆಗ ಅವರಿಗೆ 28 ವರ್ಷ. ಒಕ್ಕಲಿಗ ಮನೆಯಲ್ಲಿ ಹುಟ್ಟಿದ ತರುಣ ದೀವರ ಗೇಣಿದಾರರ ಹೋರಾಟವನ್ನು ತನ್ನದಾಗಿಸಿಕೊಂಡು ಹಳ್ಳಿಯಿಂದ ಹಳ್ಳಿಗೆ ಅಲೆದು ಜನರನ್ನು ಕೂಡಿಸಿದರು, ತಾವೂ ಬಂಧನಕ್ಕೊಳಗಾದರು. ಸತ್ಯಾಗ್ರಹವು ಅಹಿಂಸೆಯ ಗೆರೆಯನ್ನು ದಾಟದಂತೆ ನಡೆದುದು ಅದರ ಹಿರಿಮೆ. ಜೂನ್ ತಿಂಗಳಲ್ಲಿ ಡಾ. ರಾಮಮನೋಹರ ಲೋಹಿಯಾ ಅವರೇ ಸಾಗರಕ್ಕೆ ಬಂದು ಬಂಧಿತರಾದಾಗ ಕಾಗೋಡಿನ ಹೆಸರು ದೇಶದ ಪತ್ರಿಕೆಗಳಲ್ಲೆಲ್ಲ ಕಾಣಿಸಿಕೊಂಡಿತು. ಅದೇ ಜೂನ್ ತಿಂಗಳ 18ರಂದು ಸಂವಿಧಾನದ ಮೊದಲನೆಯ ತಿದ್ದುಪಡಿ ಜಾರಿಗೆ ಬಂದು, ಜಮೀನ್ದಾರಿ ರದ್ದತಿಯ ಕಾನೂನುಗಳಿಗೆ ನ್ಯಾಯಾಲಯಗಳಲ್ಲಿ ಎದುರಾಗಿದ್ದ ಅಡ್ಡಿ ನಿವಾರಣೆಯಾಯಿತು. ದೆಹಲಿಯ ಸಂಸತ್ತಿನಲ್ಲಿಯೂ ಸಾಗರದ ಗದ್ದೆಗಳಲ್ಲಿಯೂ ಆ ಬೇಸಗೆಯಲ್ಲಿ ವಿಚಾರಣೆಗೆ ಒಳಗಾಗಿದ್ದ ವಿಷಯ ಒಂದೇ: ಆಸ್ತಿಯ ಹಕ್ಕು ಎಲ್ಲಿಗೆ ಮುಗಿಯಬೇಕು, ದುಡಿಮೆಯ ಹಕ್ಕು ಎಲ್ಲಿಂದ ಮೊದಲಾಗಬೇಕು?

ಕಾಗೋಡಿನಲ್ಲಿ ಆ ವರ್ಷ ಗೇಣಿದಾರರಿಗೆ ಭೂಮಿ ದೊರೆಯಲಿಲ್ಲ. ಕೆ. ಸಿ. ರೆಡ್ಡಿಯವರ ಸರ್ಕಾರ ಶಾಂತಿ ಸುವ್ಯವಸ್ಥೆಯ ಪ್ರಶ್ನೆಯೆಂದು ಅದನ್ನು ಕಂಡಿತು. ಸತ್ಯಾಗ್ರಹ ನಿಂತಿತು, ಮೊಕದ್ದಮೆಗಳು ಉಳಿದವು, ಅನೇಕ ಸಂಸಾರಗಳು ಕಷ್ಟಕ್ಕೆ ಸಿಕ್ಕವು. ಹೊರನೋಟಕ್ಕೆ ಅದು ಸೋಲು. ಆದರೆ ತಮ್ಮ ದನಿಯನ್ನು ಎತ್ತಿದರೆ ಆಕಾಶ ಕಳಚಿ ಬೀಳುವುದಿಲ್ಲವೆಂಬುದನ್ನು ಮಲೆನಾಡಿನ ಗೇಣಿದಾರರು ಆಗ ಕಂಡುಕೊಂಡರು. ಅದರ ಫಲ ಕೆಲವೇ ತಿಂಗಳುಗಳಲ್ಲಿ ತೋರಿತು.

ಮೊದಲ ಮಹಾಚುನಾವಣೆಯಲ್ಲಿ ಸಾಗರ-ಹೊಸನಗರ ಕ್ಷೇತ್ರದಿಂದ ಗೋಪಾಲಗೌಡರು ಸಮಾಜವಾದಿ ಪಕ್ಷದ ಉಮೇದುವಾರರಾಗಿ ನಿಂತರು. ಎದುರಾಳಿ ಎ. ಆರ್. ಬದರಿನಾರಾಯಣ ಅವರು ಆಳುವ ಕಾಂಗ್ರೆಸ್ಸಿನವರು, ಪ್ರಭಾವಶಾಲಿಗಳು, ಸ್ಥಿತಿವಂತರು. ಗೌಡರ ಬಳಿ ಹಣವಿರಲಿಲ್ಲ. ಮತವನ್ನೂ, ಅದರ ಜೊತೆಗೆ ಚುನಾವಣೆಯ ಖರ್ಚಿಗೆ ಕೈಲಾದಷ್ಟು ಹಣವನ್ನೂ ಮತದಾರರಿಂದಲೇ ಬೇಡುವ ಪರಿಪಾಠವನ್ನು ಅವರು ಹಾಕಿಕೊಂಡರು. ಕಾಸು ಕೊಟ್ಟವನು ಮತವನ್ನು ಮಾರಿಕೊಳ್ಳುವುದಿಲ್ಲವೆಂಬುದು ಅದರ ಹಿಂದಿನ ತತ್ತ್ವ. ಫಲಿತಾಂಶ ಹೊರಬಿದ್ದಾಗ ಗೌಡರು ಗೆದ್ದಿದ್ದರು. ಗದ್ದೆಯಿಂದ ಎಬ್ಬಿಸಲ್ಪಟ್ಟವರು ಮತಗಟ್ಟೆಯಲ್ಲಿ ಉತ್ತರ ಹೇಳಿದ್ದರು.

1952ರ ಮೈಸೂರು ವಿಧಾನಸಭೆಯ 99 ಸ್ಥಾನಗಳಲ್ಲಿ 74 ಕಾಂಗ್ರೆಸ್ಸಿಗೆ ಸಂದಿದ್ದವು. ಸಮಾಜವಾದಿಗಳು ಕೇವಲ ಮೂವರು. ಮೂವರಲ್ಲಿ ಒಬ್ಬರಾಗಿ ಕುಳಿತ ಗೌಡರು ಸಂಖ್ಯಾಬಲದ ಕೊರತೆಯನ್ನು ಅಧ್ಯಯನದಿಂದಲೂ ವಾಗ್ಬಲದಿಂದಲೂ ತುಂಬಿಕೊಂಡರು. ಇಂಗ್ಲಿಷಿನ ಪ್ರತಿಷ್ಠೆ ಸಭೆಯನ್ನು ಆವರಿಸಿದ್ದ ಕಾಲದಲ್ಲಿ ಅವರು ಕನ್ನಡದಲ್ಲಿ ಮಾತನಾಡಿದರು. ಅದು ಬರಿಯ ಭಾಷಾಭಿಮಾನದ ಮಾತಲ್ಲ. ತನಗೆ ಮತ ಕೊಟ್ಟ ಗೇಣಿದಾರನಿಗೆ ತಿಳಿಯದ ನುಡಿಯಲ್ಲಿ ಅವನ ಭೂಮಿಯ ಕಾನೂನನ್ನು ಚರ್ಚಿಸುವುದು ಪ್ರಜಾಪ್ರಭುತ್ವಕ್ಕೆ ಒಪ್ಪುವುದಿಲ್ಲವೆಂಬುದು ಅವರ ನಿಲುವಾಗಿತ್ತು. ಆಡಳಿತಭಾಷೆಯ ಕಾಯಿದೆ 1963ರಲ್ಲಿ ಬಂದ ಮೇಲೂ ಕಚೇರಿಗಳಲ್ಲಿ ಕನ್ನಡ ನೆಲೆಗೊಳ್ಳದಿದ್ದಾಗ ಅವರ ಕೋಪ ಅನೇಕ ಸಲ ಸಭೆಯಲ್ಲಿ ಸಿಡಿಯಿತು.

ಕೆಂಗಲ್ ಹನುಮಂತಯ್ಯನವರ ಮಂತ್ರಿಮಂಡಲದಲ್ಲಿ ಕಂದಾಯ ಖಾತೆಯನ್ನು ವಹಿಸಿದ್ದ ಕಡಿದಾಳು ಮಂಜಪ್ಪನವರೂ ತೀರ್ಥಹಳ್ಳಿ ತಾಲ್ಲೂಕಿನವರೇ. ಇಬ್ಬರೂ ಒಂದೇ ಮಣ್ಣಿನ ಮಕ್ಕಳು. ಒಬ್ಬರು ಆಡಳಿತದಲ್ಲಿ, ಒಬ್ಬರು ವಿರೋಧದಲ್ಲಿ. ಮಂಜಪ್ಪನವರ ಕಾಲದಲ್ಲಿ 1952ರ ಗೇಣಿ ಕಾಯಿದೆಯೂ, 1954ರಲ್ಲಿ ಇನಾಂ ರದ್ದಿಯಾತಿಯ ಕಾಯಿದೆಯೂ ಬಂದವು. 1955ರಲ್ಲಿ ಧಾರ್ಮಿಕ ಮತ್ತು ಧರ್ಮಾದಾಯ ಇನಾಮುಗಳಿಗೂ ರದ್ದಿಯಾತಿ ವಿಸ್ತರಿಸಿತು. ದೇವಾಲಯಗಳಿಗೆ, ಮಠಗಳಿಗೆ ಅರಸರು ಬಿಟ್ಟುಕೊಟ್ಟಿದ್ದ ಭೂಮಿಯ ಮೇಲೆ ದುಡಿಯುತ್ತಿದ್ದವರೂ ಹೀಗೆ ಕಾನೂನಿನ ನೆರಳಿಗೆ ಬಂದರು. ಧರ್ಮಸಂಸ್ಥೆಗಳಿಗೆ ಇದು ಸುಲಭವಾಗಿ ನುಂಗುವ ತುತ್ತಾಗಿರಲಿಲ್ಲ. ಆದರೆ ಭೂಮಿಯ ಹುಟ್ಟುವಳಿಗಿಂತ ಭಕ್ತರ ಪ್ರೀತಿಯ ಕಾಣಿಕೆಯನ್ನು ನೆಚ್ಚಿ ನಡೆಯುವ ಸಂಸ್ಥೆ ಜನಕ್ಕೆ ಇನ್ನಷ್ಟು ಹತ್ತಿರವಾಗುತ್ತದೆಂಬುದನ್ನು ಕಾಲವು ತೋರಿಸಿಕೊಟ್ಟಿದೆ.

ಇವೆಲ್ಲವೂ ಸುಧಾರಣೆಗಳೇ, ಅಲ್ಲವೆಂದು ಯಾರೂ ಹೇಳಲಾರರು. ಆದರೆ ಸಮಾಜವಾದಿಗಳು ಎತ್ತಿದ ಆಕ್ಷೇಪಣೆಯೂ ಗಟ್ಟಿಯಾದುದೇ. ಸ್ವಂತ ಸಾಗುವಳಿಗೆ ಬೇಕೆಂದು ಭೂಮಾಲೀಕರು ಗೇಣಿ ಭೂಮಿಯನ್ನು ಮರಳಿ ಪಡೆಯಲು ಕಾನೂನಿನಲ್ಲಿಯೇ ಎಡೆಯಿದ್ದರೆ, ಕಾನೂನು ಬರುವ ಸುಳಿವು ಸಿಕ್ಕೊಡನೆ ಗೇಣಿದಾರನು ಗದ್ದೆಯಿಂದ ಹೊರಬೀಳುತ್ತಾನೆ; ದಾಖಲೆಯಿಲ್ಲದವನು ಗೇಣಿದಾರನೆಂದು ಸಾಧಿಸುವುದೇ ದುಸ್ಸಾಧ್ಯ. ಈ ಮಾತನ್ನು ಮುಂದೆ ಅನುಭವವೇ ಸಮರ್ಥಿಸಿತು. ಏಕೀಕೃತ ರಾಜ್ಯದಲ್ಲಿ ಬಿ. ಡಿ. ಜತ್ತಿಯವರ ಅಧ್ಯಕ್ಷತೆಯಲ್ಲಿ 1957ರಲ್ಲಿ ಭೂಸುಧಾರಣಾ ಸಮಿತಿ ನೇಮಕವಾಗಿ, ಅದರ ಆಧಾರದ ಮೇಲೆ 1961ರಲ್ಲಿ ಭೂಸುಧಾರಣಾ ಕಾಯಿದೆ ರೂಪುಗೊಂಡಿತು. ಅದು ಜಾರಿಗೆ ಬಂದುದು 1965ರ ಅಕ್ಟೋಬರ್ 2ರಂದು. ನಡುವಿನ ನಾಲ್ಕು ವರ್ಷಗಳು ಭೂಮಿಯನ್ನು ಹಂಚಿ ಬರೆಸಿಕೊಳ್ಳಲು ಎಷ್ಟೋ ಮಂದಿಗೆ ಧಾರಾಳವಾಗಿ ಸಾಲುವಂತಿದ್ದವು.

ಗೋಪಾಲಗೌಡರ ಬದುಕಿನ ಮತ್ತೊಂದು ಸಾಧನೆ ಏಕೀಕರಣಕ್ಕೆ ಅವರು ನೀಡಿದ ಬೆಂಬಲ. 1953ರಲ್ಲಿ ನೇಮಕವಾದ ರಾಜ್ಯ ಪುನರ್ವಿಂಗಡಣಾ ಆಯೋಗವು 1955ರಲ್ಲಿ ಕನ್ನಡ ಪ್ರದೇಶಗಳೆಲ್ಲ ಒಂದಾಗಬೇಕೆಂದು ಶಿಫಾರಸು ಮಾಡಿದಾಗ ಹಳೆಯ ಮೈಸೂರಿನಲ್ಲಿ ಪ್ರಬಲವಾದ ವಿರೋಧ ತಲೆದೋರಿತು. ಉತ್ತರದ ಜಿಲ್ಲೆಗಳು ಸೇರಿದರೆ ಲಿಂಗಾಯತರ ಸಂಖ್ಯೆ ಹೆಚ್ಚಿ, ಒಕ್ಕಲಿಗರ ಪ್ರಾಬಲ್ಯ ಕುಗ್ಗುವುದೆಂಬ ಲೆಕ್ಕಾಚಾರ ಆ ವಿರೋಧದ ಒಂದು ಮುಖ್ಯ ಕಾರಣವಾಗಿತ್ತು. ಗೌಡರು ಹುಟ್ಟಿನಿಂದ ಒಕ್ಕಲಿಗರು. ಜಾತಿಯ ಲೆಕ್ಕವನ್ನು ಹಿಡಿದಿದ್ದರೆ ಅವರ ಸ್ಥಾನ ವಿರೋಧಿಗಳ ಸಾಲಿನಲ್ಲಿ. ಅವರು ಹಾಗೆ ಮಾಡಲಿಲ್ಲ; ಏಕೀಕರಣದ ಪರವಾಗಿ ದೃಢವಾಗಿ ನಿಂತರು. ಕಾಗೋಡಿನಲ್ಲಿ ಲಿಂಗಾಯತ ಒಡೆಯರ ಎದುರು ನಿಂತವರು, ಲಿಂಗಾಯತರು ಬಹುಸಂಖ್ಯಾತರಾಗಿದ್ದ ಉತ್ತರದ ಜಿಲ್ಲೆಗಳನ್ನು ಒಡಹುಟ್ಟಿದವರೆಂದು ಬರಮಾಡಿಕೊಂಡರು. ಎರಡೂ ಕಡೆ ಅವರು ಬಳಸಿದ ಅಳತೆ ಒಂದೇ. ಕಾಗೋಡಿನ ಹೋರಾಟ ಜಾತಿಯೊಂದರ ಮೇಲಿನ ದ್ವೇಷದಿಂದ ಹುಟ್ಟಿದುದೆಂದು ಶಂಕಿಸುವವರಿಗೆ ಇದಕ್ಕಿಂತ ಮಿಗಿಲಾದ ಸಮಾಧಾನ ಬೇಕಿಲ್ಲ. 1956ರ ನವೆಂಬರ್ 1ರಂದು ವಿಶಾಲ ಮೈಸೂರು ರಾಜ್ಯ ಉದಯಿಸಿತು. ಅದಕ್ಕೆ ಕರ್ನಾಟಕವೆಂಬ ಹೆಸರೇ ಸಲ್ಲಬೇಕೆಂದು ಬಯಸಿದವರಲ್ಲಿ ಗೌಡರೂ ಒಬ್ಬರು. ಆ ಹೆಸರು ಬಂದುದು 1973ರ ನವೆಂಬರ್ 1ರಂದು. ಅದನ್ನು ಕಾಣಲು ಅವರು ಉಳಿದಿರಲಿಲ್ಲ.

1957ರ ಚುನಾವಣೆಯಲ್ಲಿ ಗೋಪಾಲಗೌಡರು ಪರಾಜಿತರಾದರು. ಐದು ವರ್ಷ ಶಾಸನಸಭೆಯ ಹೊರಗಿದ್ದರೂ ಜನರ ನಡುವಿನಿಂದ ಅವರು ದೂರವಾಗಲಿಲ್ಲ. 1962ರಲ್ಲಿಯೂ 1967ರಲ್ಲಿಯೂ ತೀರ್ಥಹಳ್ಳಿ ಅವರನ್ನು ಆರಿಸಿ ಕಳುಹಿಸಿತು. ಅವರ ಮಾತಿನಲ್ಲಿ ವ್ಯಂಗ್ಯವಿತ್ತು, ವಿನೋದವಿತ್ತು, ಕಾವು ಇತ್ತು. ಆ ಕಾವು ಒಮ್ಮೊಮ್ಮೆ ಸಭಾಮರ್ಯಾದೆಯ ಗೆರೆಯನ್ನು ದಾಟಿತೆಂಬ ಆಕ್ಷೇಪಣೆಗೂ ಅವರು ಗುರಿಯಾದರು. ಆ ಆಕ್ಷೇಪಣೆಯನ್ನು ಪೂರ್ತಿಯಾಗಿ ತಳ್ಳಿಹಾಕುವಂತಿಲ್ಲ. ಆದರೆ ಅವರ ಸಿಟ್ಟು ಸ್ವಂತಕ್ಕಾಗಿ ಏನನ್ನೂ ಬೇಡಿದ ಸಿಟ್ಟಲ್ಲವೆಂಬುದನ್ನು ಎದುರಾಳಿಗಳೂ ಬಲ್ಲವರಾಗಿದ್ದರು.

ಮನೆ, ತೋಟ, ಹಣ ಯಾವುದನ್ನೂ ಅವರು ಕೂಡಿಡಲಿಲ್ಲ. ಗೃಹಸ್ಥಾಶ್ರಮವನ್ನು ಸ್ವೀಕರಿಸಿದುದೇ ನಲವತ್ತರ ಆಸುಪಾಸಿನಲ್ಲಿ. ಸಾಹಿತ್ಯ ಸಂಗೀತಗಳಲ್ಲಿ ಅವರಿಗಿದ್ದ ಅಭಿರುಚಿ ರಾಜಕಾರಣಿಗಳಲ್ಲಿ ಅಪರೂಪವಾದುದು. ಗೋಪಾಲಕೃಷ್ಣ ಅಡಿಗ, ಯು. ಆರ್. ಅನಂತಮೂರ್ತಿ, ಪಿ. ಲಂಕೇಶ್ ಮೊದಲಾದ ಸಾಹಿತಿಗಳು ಅವರ ಸ್ನೇಹವಲಯಕ್ಕೆ ಸೇರಿದ್ದರು. ಅನಂತಮೂರ್ತಿಯವರು 1978ರಲ್ಲಿ ಪ್ರಕಟಿಸಿದ ಅವಸ್ಥೆ ಎಂಬ ಕಾದಂಬರಿಯ ನಾಯಕನಲ್ಲಿ ಗೌಡರ ಛಾಯೆಯನ್ನು ಓದುಗರು ಗುರುತಿಸಿದ್ದಾರೆ. ಅವರ ಒಡನಾಟದಲ್ಲಿ ಬೆಳೆದ ಕಿರಿಯರ ಪಟ್ಟಿಯೂ ಗಮನಾರ್ಹ. ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನ ಲಿಂಗಾಯತ ಮನೆತನದಿಂದ ಬಂದ ಜೆ. ಹೆಚ್. ಪಟೇಲರು, ಸೊರಬದ ಎಸ್. ಬಂಗಾರಪ್ಪನವರು, ಕಾಗೋಡಿನವರೇ ಆದ ಕಾಗೋಡು ತಿಮ್ಮಪ್ಪನವರು, ಕೋಣಂದೂರು ಲಿಂಗಪ್ಪನವರು ಇವರೆಲ್ಲರೂ ಸಮಾಜವಾದಿ ಪಾಠಶಾಲೆಯ ವಿದ್ಯಾರ್ಥಿಗಳು. ಇವರಲ್ಲಿ ಬಂಗಾರಪ್ಪನವರೂ ಪಟೇಲರೂ ಮುಂದೆ ರಾಜ್ಯದ ಮುಖ್ಯಮಂತ್ರಿಗಳಾದರು. ಒಡೆಯರ ಮನೆಯಲ್ಲಿ ಹುಟ್ಟಿದವರೂ ಗೇಣಿದಾರರ ಮನೆಯಲ್ಲಿ ಹುಟ್ಟಿದವರೂ ಒಂದೇ ಹಾಸಿನ ಮೇಲೆ ಕುಳಿತು ಕಲಿತ ಶಾಲೆ ಅದು.

ದೀರ್ಘಕಾಲದ ಅಸ್ವಸ್ಥತೆ ಗೌಡರನ್ನು ಕೊನೆಯ ವರ್ಷಗಳಲ್ಲಿ ಹಣ್ಣುಮಾಡಿತು. 1972ರ ಚುನಾವಣೆಯಲ್ಲಿ ತೀರ್ಥಹಳ್ಳಿಯನ್ನು ಕೋಣಂದೂರು ಲಿಂಗಪ್ಪನವರೂ, ಸಾಗರವನ್ನು ಕಾಗೋಡು ತಿಮ್ಮಪ್ಪನವರೂ ಸಮಾಜವಾದಿಗಳಾಗಿ ಗೆದ್ದರು. ಸತ್ಯಾಗ್ರಹ ನಡೆದ ಊರಿನ ಮಗನೇ ಸಾಗರದ ಶಾಸಕನಾದುದನ್ನು ಗೌಡರು ಕಣ್ಣಾರೆ ಕಂಡರು. ಅದೇ ವರ್ಷದ ಜೂನ್ 9ರಂದು ಬೆಂಗಳೂರಿನಲ್ಲಿ ಅವರು ಕೊನೆಯುಸಿರೆಳೆದರು. ದೇವರಾಜ ಅರಸರು ಮುಖ್ಯಮಂತ್ರಿಗಳಾಗಿ ಆಗಿನ್ನೂ ಮೂರು ತಿಂಗಳು ತುಂಬಿರಲಿಲ್ಲ.

ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ಅರಸರ ಆಡಳಿತದಲ್ಲಿ, ಕಾಗೋಡಿನಲ್ಲಿ ಬಿತ್ತಿದ ಬೀಜ ಫಲಕ್ಕೆ ಬಂದಿತು. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿ ಕಾಯಿದೆಯ ಪ್ರಕಾರ ಗೇಣಿಗೆ ಕೊಟ್ಟಿದ್ದ ಭೂಮಿಯೆಲ್ಲ ಸರ್ಕಾರದ ವಶವಾಗಿ, ಉಳುವವನಿಗೆ ಅದರ ಅಧಿಭೋಗದ ಹಕ್ಕನ್ನು ಕೊಡತಕ್ಕದ್ದೆಂದು ಗೊತ್ತಾಯಿತು. ಸ್ವಂತ ಸಾಗುವಳಿಯ ನೆಪದಲ್ಲಿ ಭೂಮಿಯನ್ನು ಬಿಡಿಸಿಕೊಳ್ಳುವ ದಾರಿ ಮುಚ್ಚಿತು. ತಾಲ್ಲೂಕು ತಾಲ್ಲೂಕಿಗೂ ಭೂನ್ಯಾಯಮಂಡಳಿಗಳು ಏರ್ಪಟ್ಟವು. ಗೇಣಿದಾರನು ವಕೀಲರ ನೆರವಿಲ್ಲದೆ, ತನ್ನ ಮಾತಿನಲ್ಲಿಯೇ ತನ್ನ ಅಹವಾಲನ್ನು ಹೇಳಿಕೊಳ್ಳಬಹುದಾಗಿತ್ತು. ರಾಜ್ಯದಾದ್ಯಂತ ನಮೂನೆ 7ರಲ್ಲಿ ಎಂಟು ಲಕ್ಷಕ್ಕೂ ಮಿಕ್ಕಿ ಅರ್ಜಿಗಳು ಬಂದವು. ಸಾಗರದ ಗೇಣಿದಾರನಿಗೆ ದೊರೆತ ಹಕ್ಕು ಕಪಿಲಾ ಕಾವೇರಿಗಳ ದಂಡೆಯ ವಾರದಾರನಿಗೂ ಅದೇ ಕಾನೂನಿನಿಂದ ಒದಗಿತು. ನಂಜನಗೂಡು, ನರಸೀಪುರ ತಾಲ್ಲೂಕುಗಳ ಎಷ್ಟೋ ಮನೆಗಳ ಪಹಣಿಯಲ್ಲಿ ಉಳುವವನ ಹೆಸರು ಒಡೆಯನ ಕಲಮಿಗೆ ಬಂದುದು ಈ ಮಾರ್ಗದಿಂದ.

ಈ ಕಾನೂನಿನಿಂದ ನೋವುಂಡವರೂ ಇದ್ದಾರೆಂಬುದನ್ನು ಮರೆಯಬಾರದು. ನೂರಾರು ಎಕರೆಗಳ ಒಡೆಯರು ಮಾತ್ರವಲ್ಲ, ಎರಡು ಮೂರು ಎಕರೆಯನ್ನು ಗೇಣಿಗೆ ಕೊಟ್ಟು ಅದರಿಂದಲೇ ಜೀವನ ಸಾಗಿಸುತ್ತಿದ್ದ ವಿಧವೆಯರೂ ವೃದ್ಧರೂ ಭೂಮಿ ಕಳೆದುಕೊಂಡರು. ಮತ್ತೊಂದು ಕಡೆ, ಗೇಣಿಯ ಭೂಮಿಯೂ ಇಲ್ಲದೆ ಕೂಲಿಯಿಂದಲೇ ಬದುಕುತ್ತಿದ್ದವರಿಗೆ, ಅದರಲ್ಲಿಯೂ ಪರಿಶಿಷ್ಟ ಜಾತಿಗಳ ಕೃಷಿ ಕಾರ್ಮಿಕರಿಗೆ, ಈ ಕಾನೂನಿನಿಂದ ದೊರೆತುದು ಅಲ್ಪ. ಗೇಣಿದಾರನು ಒಡೆಯನಾದ ಮೇಲೆ ತನ್ನ ಹೊಲದ ಕೂಲಿಯವನನ್ನು ಯಾವ ಕೊಳಗದಿಂದ ಅಳೆದನೆಂಬ ಪ್ರಶ್ನೆ ಉತ್ತರವಿಲ್ಲದೆ ಉಳಿದಿದೆ.

ಕಾಲವೂ ನಿಂತಲ್ಲಿ ನಿಂತಿಲ್ಲ. 2020ರ ತಿದ್ದುಪಡಿಯಿಂದಾಗಿ ಕೃಷಿಕರಲ್ಲದವರೂ ಕರ್ನಾಟಕದಲ್ಲಿ ಕೃಷಿಭೂಮಿಯನ್ನು ಕೊಳ್ಳುವ ದಾರಿ ತೆರೆಯಿತು. ನಂಜನಗೂಡಿನ ಬಳಿಯ ತಾಂಡ್ಯದಲ್ಲಿ ಕೈಗಾರಿಕಾ ಪ್ರದೇಶ ಎದ್ದು ನಿಂತಿದೆ. ನೇಗಿಲ ಮನೆಗಳ ಮಕ್ಕಳು ಕಾರ್ಖಾನೆಯ ಪಾಳಿಗೆ ಹೋಗುವ ಕಾಲವಿದು. ಗೇಣಿ, ಕೊಳಗ, ಚಾಲಗೇಣಿ ಎಂಬ ಮಾತುಗಳ ಅರ್ಥವನ್ನು ಇಂದಿನ ವಿದ್ಯಾರ್ಥಿಗಳು ನಿಘಂಟಿನಲ್ಲಿ ಹುಡುಕಬೇಕಾಗಿದೆ. ಭೂಮಿಯನ್ನು ಕೈಬಿಡುವ ಮುನ್ನ ಅದು ತಮ್ಮ ಮನೆಗೆ ಹೇಗೆ ಬಂದಿತೆಂಬುದನ್ನು ಅವರು ತಿಳಿಯುವುದು ಒಳಿತು. ಅದರ ಹಿಂದೆ ಒಬ್ಬ ಮೇಷ್ಟರ ಸಂಘಟನೆಯಿದೆ, ನೇಗಿಲು ಹೊತ್ತು ಸೆರೆಮನೆಗೆ ನಡೆದವರ ದಿಟ್ಟತನವಿದೆ, 99 ಮಂದಿಯ ಸಭೆಯಲ್ಲಿ ಮೂವರಲ್ಲಿ ಒಬ್ಬನಾಗಿ ನಿಂತು ಮಾತನಾಡಿದ ತರುಣನ ಛಲವಿದೆ, ಅವನ ಮರಣಾನಂತರ ಅವನ ಮಾತನ್ನು ಕಾನೂನಾಗಿಸಿದ ಆಡಳಿತಗಾರನ ಔದಾರ್ಯವಿದೆ.

ಕಾಗೋಡಿನಿಂದ ಭೂಸುಧಾರಣೆಯ ತಿದ್ದುಪಡಿಗೆ 23 ವರ್ಷಗಳು ಹಿಡಿದವು. ಪ್ರಜಾಪ್ರಭುತ್ವದಲ್ಲಿ ನ್ಯಾಯ ಇಷ್ಟು ನಿಧಾನವೇ ಎಂದು ಕೇಳುವವರಿಗೆ ಗೋಪಾಲಗೌಡರ ಬದುಕೇ ಉತ್ತರ. ಅವರು ಬೇಸತ್ತು ಬಂದೂಕನ್ನು ಹಿಡಿಯಲಿಲ್ಲ, ನಿರಾಶರಾಗಿ ಮನೆ ಸೇರಲಿಲ್ಲ, ಅಧಿಕಾರಕ್ಕೆ ಮನಸೋತು ಪಕ್ಷವನ್ನು ಬಿಡಲಿಲ್ಲ. ಮತದ ಅಳತೆಯೂ ಭತ್ತದ ಅಳತೆಯೂ ಒಂದಾಗುವವರೆಗೆ ಗಣರಾಜ್ಯ ಪೂರ್ಣವಾಗದೆಂಬ ನಂಬಿಕೆಯಲ್ಲಿ ತಮ್ಮ ಆಯುಷ್ಯವನ್ನು ಸವೆಸಿದರು. ಅವರ ಹೆಸರಿನಲ್ಲಿ ಊರೂರುಗಳಲ್ಲಿ ಪ್ರತಿಮೆಗಳು ಏಳಬೇಕಾಗಿಲ್ಲ. ತನ್ನ ಗದ್ದೆಯ ಭತ್ತವನ್ನು ತಾನೇ ಅಳೆದು ಮನೆ ತುಂಬಿಸಿಕೊಳ್ಳುವ ರೈತನು ಒಂದು ಗಳಿಗೆ ಅವರನ್ನು ನೆನೆದರೆ ಸಾಕು. ಆ ಹಿರಿಯ ಚೇತನಕ್ಕೆ ಅದೇ ಸಲ್ಲತಕ್ಕ ಗೌರವ.